ಹೊಟ್ಟೆ ಬಂದ ಕೌದಿ

ಐವತ್ತು ದಾಟಿದ ಮೇಲೆ ಹೊಸ ಗೆಳತಿಯರನ್ನು ಸಂಪಾದಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಉಳಿದದ್ದೆಲ್ಲ ಗೊತ್ತಿತ್ತು. ಕೊಲ್ಲಿ ದೇಶದ ಆಸ್ಪತ್ರೆಯೊಂದರಲ್ಲಿ ವರ್ಷಗಟ್ಟಲೆ ದಾದಿಯಾಗಿ, ಕೊನೆಕೊನೆಗೆ ಒಂದಿಡೀ ವಾರ್ಡಿನ ಉಸ್ತುವಾರಿ ಹೊತ್ತು ದುಡಿದವಳು ನಾನು. ಗಾಬರಿಬಿದ್ದ ಹೊಸ ಡಾಕ್ಟರನ್ನು ಸಮಾಧಾನಪಡಿಸುವುದು, ಕೂಗಾಡುವ ನೆಂಟರನ್ನು ಕುರ್ಚಿಯಲ್ಲಿ ಕೂರಿಸುವುದು, ಯಾವ ಭಾಷೆಯವರಿಗಾದರೂ ಮಾತ್ರೆ ನುಂಗಿಸುವುದು, ಇವೆಲ್ಲ ನನಗೆ ನೀರು ಕುಡಿದಷ್ಟು ಸುಲಭವಾಗಿತ್ತು. ಮದುವೆಯಾಗಲಿಲ್ಲ. ಅದರ ಬಗ್ಗೆ ನನಗೆ ಬೇಸರವಿಲ್ಲ. ಬೇಸರ ಇರಲೇಬೇಕೆಂದು ನಂಬಿದವರ ಬಗ್ಗೆ ಮಾತ್ರ ಸ್ವಲ್ಪ ಇದೆ. ಸಾಕು ಅನಿಸಿದಾಗ ರಾಜೀನಾಮೆ ಕೊಟ್ಟು, ಬಿ.ಸಿ.ರೋಡಿನಲ್ಲಿ ಮೊದಲೇ ಕೊಂಡಿಟ್ಟಿದ್ದ ಫ್ಲ್ಯಾಟಿಗೆ ಬಂದು ಇಳಿದೆ. ಯಾರನ್ನೂ ಕೇಳಲಿಲ್ಲ, ಯಾರೂ ತಡೆಯಲಿಲ್ಲ.

ಊರಿನವರು ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು. ಲಿಫ್ಟಿನಲ್ಲಿ ಸಿಕ್ಕವರು "ಊಟ ಆಯ್ತಾ?" ಎಂದು ಕೇಳುತ್ತಿದ್ದರು. ಬಿ.ಪಿ. ನೋಡಿಸಿಕೊಳ್ಳಲು ಮೂರನೇ ಮಹಡಿಯ ಅಜ್ಜ ಬರುತ್ತಿದ್ದರು. ಶಾಲೆಯಲ್ಲಿ ಜೊತೆಗೆ ಓದಿದವರು ಮೊಮ್ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು, "ಒಂದು ದಿನ ಬಾ ಮಾರಾಯ್ತಿ" ಎನ್ನುತ್ತಿದ್ದರು. ಆ ಒಂದು ದಿನ ಯಾವುದೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ನಿಜವಾದ ಗೆಳತಿಯರೆಲ್ಲ ಫೋನಿನೊಳಗಿದ್ದರು. ಒಬ್ಬಳು ಕೊಟ್ಟಾಯಂನಲ್ಲಿ, ಒಬ್ಬಳು ಮನಿಲಾದಲ್ಲಿ. ಮನಿಲಾದವಳೇ ಹಿಂದೊಮ್ಮೆ ರಜೆಯ ದಿನಗಳಲ್ಲಿ ನನಗೆ ತುಂಡು ಬಟ್ಟೆ ಜೋಡಿಸಿ ಹೊದಿಕೆ ಹೊಲಿಯುವುದನ್ನು ಕಲಿಸಿದ್ದಳು. ನಾನು ಕಲಿತದ್ದನ್ನು ಅರ್ಧಕ್ಕೆ ಬಿಡುವವಳಲ್ಲ. ಒಳ್ಳೆಯ ಮೆಷಿನು ಕೊಂಡಿದ್ದೆ, ಅದನ್ನು ಹಡಗಿನಲ್ಲಿ ಊರಿಗೂ ತರಿಸಿದ್ದೆ.

ಹಾಗಾಗಿ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ, ನೀರಿನ ಟ್ಯಾಂಕಿ ತೊಳೆಯುವ ಸೂಚನೆಯ ಕೆಳಗೆ, ಮೂಡುಬಿದಿರೆ ಹತ್ತಿರದ ಬೆಳುವಾಯಿಯಲ್ಲಿ ಶನಿವಾರ ಭಾನುವಾರ ಕೌದಿ ಶಿಬಿರ ಎಂದು ಕಂಡಾಗ ನಾನು ಆ ಕ್ಷಣವೇ ಹೆಸರು ಕೊಟ್ಟೆ. ಕಲಿಯಲು ಹೊರಟವಳಂತೆ ಹೋಗಲಿಲ್ಲ, ನಿಜ ಹೇಳಬೇಕೆಂದರೆ. ಗೊತ್ತಿರುವವಳಂತೆ ಹೋದೆ.

ಶಿಬಿರ ನಡೆದದ್ದು ಕೆಲಸ ನಿಲ್ಲಿಸಿದ ಒಂದು ಅಕ್ಕಿ ಮಿಲ್ಲಿನಲ್ಲಿ. ಯಂತ್ರಗಳನ್ನೆಲ್ಲ ಮಾರಿ, ಗೋಡೆಗೆ ಸುಣ್ಣ ಹೊಡೆದು, ನೆಲಕ್ಕೆ ಹೊಸ ಸಿಮೆಂಟು ಹಾಕಿಸಿದ್ದರು. ಆದರೂ ಮೂಲೆಗಳಿಂದ ಬೇಯಿಸಿದ ಭತ್ತದ ವಾಸನೆ ಬರುತ್ತಿತ್ತು. ಜನವರಿಯ ಬೆಳಿಗ್ಗೆ, ಹೆಂಚಿನ ನಡುವಿನ ಗಾಜಿನಿಂದ ಬಿಸಿಲು ನೆಲದ ಮೇಲೆ ಚೌಕ ಚೌಕವಾಗಿ ಬಿದ್ದಿತ್ತು. ಕಲಿಸುವ ಟೀಚರು ಧಾರವಾಡದ ಕಡೆಯವರು. ಗಂಡನ ಕೆಲಸಕ್ಕಾಗಿ ಮೂಡುಬಿದಿರೆಗೆ ಬಂದು ನೆಲೆಸಿ, ಅಲ್ಲಿಯೂ ಕೌದಿ ಹೊಲಿಯುವುದನ್ನು ಬಿಡದವರು. ನನ್ನ ಮೆಷಿನಿನ ಪೆಟ್ಟಿಗೆಯನ್ನು ಕಂಡು ಅವರು ನಕ್ಕರು.

"ಅದನ್ನ ಕಾರಿನಾಗ ಇಡ್ರಿ ಅಕ್ಕಾರ. ಇಲ್ಲೆ ಬರೇ ಕೈ, ಸೂಜಿ, ದಾರ."

"ಮೆಷಿನಿನಲ್ಲಿ ಬೇಗ ಆಗ್ತದಲ್ಲ?" ಎಂದೆ.

"ಆಗ್ತದರಿ. ಬ್ಯಾಗ ಆದ್ರ ಎರಡು ದಿನ ಏನ್ ಮಾಡೂಣು?"

ಮೆಷಿನು ಕಾರಿಗೆ ವಾಪಸಾಯಿತು.

ಮೂವರಿಗೆ ಒಂದು ಕೌದಿ ಎಂಬುದು ಅವರ ಲೆಕ್ಕಾಚಾರ. ಬಾಗಿಲ ಹತ್ತಿರ ನಿಂತಿದ್ದ ನಮ್ಮನ್ನು ಬೆರಳಿನಲ್ಲೇ ಒಟ್ಟು ಮಾಡಿ, "ನೀವು ಮೂರೂ ಮಂದಿ ಇಲ್ಲೆ ಕುಂದರ್ರಿ" ಎಂದುಬಿಟ್ಟರು. ನನ್ನ ಬಲಕ್ಕೆ ಕೂತವರು ಬೆಳ್ತಂಗಡಿಯವರು. ಎಪ್ಪತ್ತರ ಹತ್ತಿರದ, ನೆಟ್ಟಗೆ ನಿಲ್ಲುವ, ಎತ್ತರದ ಹೆಂಗಸು. ಮುಂಬೈಯಲ್ಲಿ ಗಂಡನೊಂದಿಗೆ ಹೋಟೆಲು ನಡೆಸಿ, ಗಂಡ ಹೋದ ಮೇಲೆ ಒಬ್ಬರೇ ನಡೆಸಿ, ಈಗ ಅದನ್ನು ಮಗಳ ಕೈಗೊಪ್ಪಿಸಿ ಬೆಳ್ತಂಗಡಿಯಲ್ಲಿ ತಾವೇ ಕಟ್ಟಿಸಿದ ಸಣ್ಣ ಮನೆಯಲ್ಲಿದ್ದರು. ಎಲ್ಲರೂ ಅವರನ್ನು ಅಕ್ಕ ಎಂದರು, ನಾನೂ ಅಂದೆ. ಅವರು ಮಾತ್ರ ನನ್ನ ಕೆಲಸ ಏನೆಂದು ಕೇಳಿದ ಘಳಿಗೆಯಿಂದ ನನ್ನನ್ನು ಸಿಸ್ಟರ್ ಎಂದೇ ಕರೆದರು. ಎಡಕ್ಕೆ ಕೂತವರು ಬಂಟ್ವಾಳ ಪೇಟೆಯ ಬ್ಯಾರಿ ಹೆಂಗಸು. ನನ್ನದೇ ವಯಸ್ಸು. ತಲೆಗೆ ತಿಳಿಹಸಿರು ಶಿರವಸ್ತ್ರ, ಮೂಗಿನ ತುದಿಗಿಳಿದ ಕನ್ನಡಕ. ತವರಿನವರದ್ದು ಜವಳಿ ಅಂಗಡಿಯಂತೆ. ಬಟ್ಟೆಯನ್ನು ಎರಡು ಬೆರಳಿನ ನಡುವೆ ಉಜ್ಜಿ ನೋಡುವ ರೀತಿಯಲ್ಲೇ ಅದು ಗೊತ್ತಾಗುತ್ತಿತ್ತು. ಮಾತು ಬಹಳ ಕಡಿಮೆ. ನಮ್ಮೊಳಗೆ ನಾವು ತುಳುವಿನಲ್ಲಿ ಮಾತಾಡಿಕೊಂಡೆವು. ಟೀಚರಿಗೆ ತುಳು ಬಾರದ ಕಾರಣ ಅವರು ಹತ್ತಿರ ಬಂದರೆ ಕನ್ನಡಕ್ಕೆ ಹೊರಳುತ್ತಿದ್ದೆವು.

ಮೊದಲು ತಂದ ಬಟ್ಟೆ ಬಿಚ್ಚಬೇಕಿತ್ತು. ಅಕ್ಕ ಹಳೆಯ ಹತ್ತಿ ಸೀರೆಗಳ ದೊಡ್ಡ ಗಂಟನ್ನೇ ತಂದಿದ್ದರು. ನಾನು ಹೊಸ ಬಟ್ಟೆ ಕೊಂಡು, ಒಂದೇ ಅಳತೆಯ ಚೌಕಗಳನ್ನು ಮನೆಯಲ್ಲೇ ಕತ್ತರಿಸಿ, ಬಣ್ಣವಾರು ಜೋಡಿಸಿ ತಂದಿದ್ದೆ. ಕೌದಿಗೆ ಹಳೆಯ ಬಟ್ಟೆಯೇ ಬೇಕೆಂದು ಯಾರೋ ಪಕ್ಕದ ಗುಂಪಿನಿಂದ ಹೇಳಿದಾಗ ಟೀಚರು, "ಹೊಸಾದಿದ್ರೇನಾತು? ಹೊದ್ದು ಹೊದ್ದು ಹಳೇದಾಗ್ತದ" ಎಂದರು. ಆಗಲೇ ನನಗೆ ಅವರ ಮೇಲೆ ಪ್ರೀತಿ ಬಂತು. ಬಂಟ್ವಾಳದವರು ತಮ್ಮ ಚೀಲದಿಂದ ತೆಗೆದದ್ದು ಬಿಳಿ ನಿಲುವಂಗಿಗಳನ್ನು. ಅರಬರು ತೊಡುವ, ಕುತ್ತಿಗೆಯಿಂದ ಹಿಮ್ಮಡಿವರೆಗಿನ ಅಂಗಿಗಳು. ಒಂದೊಂದೂ ಗರಿಗರಿಯಾಗಿ ಇಸ್ತ್ರಿ ಹಾಕಿದ್ದು.

"ಯಾರದ್ದು?" ಅಕ್ಕ ಕೇಳಿದರು.

"ನಮ್ಮವರದ್ದು. ಅಲ್ಲಿಯ ಕೆಲಸ ಮುಗಿಸಿ ಬಂದ್ರು. ಇನ್ನು ಬೇಡವಂತೆ" ಎಂದವರೇ ಒಂದು ಅಂಗಿಯ ಹೊಲಿಗೆಯನ್ನು ಸರ್ರೆಂದು ಹರಿದರು. ಅಷ್ಟು ಮೆತ್ತಗಿನ ಹೆಂಗಸು ಅಷ್ಟು ಜೋರಾಗಿ ಹರಿದದ್ದು ನೋಡಿ ನಾನೂ ಅಕ್ಕನೂ ನಮ್ಮ ನಮ್ಮ ಬಟ್ಟೆಗಳನ್ನು ಹತ್ತಿರಕ್ಕೆ ಎಳೆದುಕೊಂಡೆವು.

ಅದಾದ ಮೇಲೆ ನನಗೂ ಅಕ್ಕನಿಗೂ ಶುರುವಾಯಿತು. ನಾನು ಬಿಳಿ ಬಟ್ಟೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಯಾವ ಚೌಕ ಎಲ್ಲಿ ಕೂರಬೇಕೆಂದು ಗುರುತು ಹಾಕುತ್ತಿದ್ದೆ. ಅಷ್ಟರಲ್ಲಿ ಅಕ್ಕ ಕೆಂಪು ಸೀರೆಯೊಂದರಿಂದ ಅಂಚಿಗೆ ಪಟ್ಟಿ ಕತ್ತರಿಸಿಯಾಗಿತ್ತು.

"ಕೆಂಪು ಬೇಡ ಅಕ್ಕ. ಬಣ್ಣ ಬಿಡ್ತದೆ, ಬಿಳಿ ಹಾಳಾಗ್ತದೆ."

"ಈ ಸೀರೆ ಬಿಡುದಿಲ್ಲ. ಹೋಟೆಲಿನ ಬಟ್ಟೆ ಎಷ್ಟು ಒಗೆಸಿದ್ದೇನೆ ಗೊತ್ತುಂಟಾ ನಿಮಗೆ?"

"ಆಸ್ಪತ್ರೆಯ ಬಟ್ಟೆ ನಾನೂ ಒಗೆಸಿದ್ದೇನೆ."

"ಆಸ್ಪತ್ರೆಯದ್ದು ಬರೀ ಬಿಳಿ. ಅದ್ರಲ್ಲಿ ಎಂತ ಕಷ್ಟ?"

ಇಬ್ಬರೂ ಜೀವಮಾನವಿಡೀ ಬೇರೆಯವರಿಗೆ ಹೇಳಿ ಮಾಡಿಸಿದವರು. ಹೇಳಿಸಿಕೊಳ್ಳುವ ಅಭ್ಯಾಸ ಇಬ್ಬರಿಗೂ ಇರಲಿಲ್ಲ. ಕೊನೆಗೆ ನಾನು ಒಂದು ಬದಿಯಿಂದ, ಅವರು ಎದುರಿನ ಬದಿಯಿಂದ ಹೊಲಿಯಲು ಕೂತೆವು. ಕೌದಿಗೆ ಪದರ ಪದರವಾಗಿ ಬಟ್ಟೆ ಹಾಸಿ, ಸಾಲು ಸಾಲಾಗಿ ಉದ್ದುದ್ದ ಹೊಲಿಗೆ ಹಾಕುತ್ತ ಹೋಗಬೇಕು. ನನ್ನ ಸಾಲುಗಳು ನೆಟ್ಟಗೆ, ಸಣ್ಣ ಸಣ್ಣ ಹೊಲಿಗೆ. ಅವರದ್ದು ದಾಪುಗಾಲು. ಬಂಟ್ವಾಳದವರು ನಮ್ಮಿಬ್ಬರ ನಡುವೆ ಕೂತು, ಯಾರ ಪಕ್ಷವನ್ನೂ ವಹಿಸದೆ, ಸೂಜಿಗಳಿಗೆ ದಾರ ಪೋಣಿಸಿ ಇಬ್ಬರ ಕೈಗೂ ಕೊಡುತ್ತಿದ್ದರು.

ಅವರ ಫೋನು ಆಗಾಗ ಬಡಿದುಕೊಳ್ಳುತ್ತಿತ್ತು. ಪ್ರತಿ ಸಲವೂ ಗಂಡನೇ. "ಎರಡನೇ ಹಲಗೆಯಲ್ಲಿ ನೋಡಿ... ನೀವೇ ಇಟ್ಟದ್ದಲ್ವಾ?... ಹಾಗಾದ್ರೆ ಮೂರನೆಯದ್ರಲ್ಲಿ." ಫೋನು ಇಟ್ಟಮೇಲೆ ಒಂದು ಸಲ ತಾವಾಗಿಯೇ ಹೇಳಿದರು, "ಅವರಿಗೆ ಅಲ್ಲಿ ಸೂಪರ್ ಮಾರ್ಕೆಟಿನಲ್ಲಿ ಸ್ಟೋರ್ ನೋಡುವ ಕೆಲಸ. ಈಗ ನನ್ನ ಅಡಿಗೆಮನೆಯನ್ನು ಸ್ಟೋರ್ ಮಾಡಿದ್ದಾರೆ. ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದ್ದಾರೆ. ಅಕ್ಕಿ ಡಬ್ಬಿಗೆ 'ಅಕ್ಕಿ' ಅಂತ. ಗಾಜಿನ ಡಬ್ಬಿ ಮಾರಾಯ್ತಿ, ನೋಡಿದ್ರೆ ಕಾಣ್ತದಲ್ಲ!"

ನಗಬೇಕೋ ಬೇಡವೋ ತಿಳಿಯದೆ ನಾನು ಹೊಲಿಗೆಯತ್ತ ನೋಡಿದೆ. ಅಕ್ಕನೂ ಹಾಗೆಯೇ ಮಾಡಿದರು.

ಸಂಜೆಯ ಚಹಾದ ಹೊತ್ತಿಗೆ ನಮ್ಮಿಬ್ಬರ ಸಾಲುಗಳು ನಡುವಿನಲ್ಲಿ ಎದುರುಬದುರಾದವು. ಆಗ ಕಂಡಿತು ಅನಾಹುತ. ಎರಡೂ ಬದಿಯಿಂದ ನಾವು ಬಟ್ಟೆಯನ್ನು ಒಳಗೆ ತಳ್ಳುತ್ತ ಬಂದಿದ್ದೆವು. ಹೆಚ್ಚಾದ ಬಟ್ಟೆಯೆಲ್ಲ ನಟ್ಟನಡುವೆ ಸೇರಿ, ಗುಡ್ಡದ ಹಾಗೆ ಉಬ್ಬಿ ನಿಂತಿತ್ತು. ನಾನು ಅಂಗೈಯಿಂದ ಒತ್ತಿದೆ. ಅದು ಅಕ್ಕನ ಕಡೆಗೆ ಸರಿಯಿತು. ಅಕ್ಕ ಒತ್ತಿದರು. ನನ್ನ ಕಡೆಗೆ ಬಂತು.

ಟೀಚರು ಬಂದು, ಸೊಂಟದ ಮೇಲೆ ಕೈಯಿಟ್ಟು, ಅದನ್ನು ತಲೆ ಓರೆ ಮಾಡಿ ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ನಮ್ಮ ಬಂಟ್ವಾಳದವರು ಕನ್ನಡಕ ಸರಿಪಡಿಸಿಕೊಂಡು, ಇಡೀ ಮಿಲ್ಲಿಗೆ ಕೇಳುವಂತೆ ಹೇಳಿದರು, "ಹೊಟ್ಟೆ ಬಂದಿದೆ ಇದಕ್ಕೆ. ಎಷ್ಟು ತಿಂಗಳೋ ಏನೋ!"

ಮಿಲ್ಲಿಗೆ ಮಿಲ್ಲೇ ನಕ್ಕಿತು. ನಮ್ಮಿಬ್ಬರ ಮುಖ ಮಾತ್ರ ಬಿಗಿದಿತ್ತು. ಅಕ್ಕನೇ ಮೊದಲು ಸೋತರು. "ಸಿಸ್ಟರ್ ಇದ್ದಾರಲ್ಲ, ಹೆರಿಗೆ ಮಾಡಿಸಲಿ" ಎಂದರು.

"ಹೆರಿಗೆ ನಮ್ಮ ವಾರ್ಡಿನದ್ದಲ್ಲ" ಎಂದೆ. ಹೇಳುವಾಗ ನನಗೂ ನಗು ತಡೆಯಲಾಗಲಿಲ್ಲ.

"ಬಿಚ್ರಿ, ಪೂರಾ ಬಿಚ್ರಿ" ಎಂದು ಟೀಚರು ಮುಂದೆ ಹೋದರು. "ನಾಳೆ ಒಂದ ಕಡಿಂದ ಹೊಲೀರಿ. ಮೂವರೂ ಒಂದ ಕಡಿಂದ."

ಆ ನಗುವಿನಿಂದಲೇ ಎಲ್ಲ ಸರಿಹೋಯಿತು ಎಂದರೆ ಸುಳ್ಳಾದೀತು. ಮರುದಿನ ಬೆಳಿಗ್ಗೆ ಮಿಲ್ಲಿನಲ್ಲೇ ಅವಲಕ್ಕಿ ಮತ್ತು ಕಡಲೆ ತಿಂದು, ಹೊಲಿಗೆ ಬಿಚ್ಚಲು ಕೂತಾಗ ಮತ್ತೆ ಬಿಗುಮಾನವೇ. ತಪ್ಪು ನನ್ನ ಸಾಲಿನದ್ದಲ್ಲ ಎಂದು ನನಗೆ ಖಾತ್ರಿ. ತಮ್ಮದಲ್ಲ ಎಂದು ಅವರಿಗೆ. ನಾನು ನನ್ನ ದಾರವನ್ನು ಬಿಚ್ಚಿದೆ, ಅವರು ಅವರದ್ದನ್ನು. ಆದರೆ ಬಂಟ್ವಾಳದವರು ಹಿಂದಿನ ಸಂಜೆಯಿಂದ ಬೇರೆಯೇ ಆಗಿದ್ದರು. ತವರಿನ ಅಂಗಡಿಗೆ ಬರುತ್ತಿದ್ದ ಗಿರಾಕಿಗಳನ್ನು ಅನುಕರಿಸಿ ತೋರಿಸುತ್ತಿದ್ದರು. ಇಡೀ ಅಂಗಡಿಯ ಸೀರೆ ಬಿಚ್ಚಿಸಿ, ಕೊನೆಗೆ ಕರ್ಚೀಫು ಕೊಳ್ಳುವವರು, "ಇದೇ ಬಣ್ಣ, ಆದರೆ ಬೇರೆ ಬಣ್ಣದಲ್ಲಿ ಉಂಟಾ?" ಎಂದು ಕೇಳುವವರು. ಅಕ್ಕ ನಕ್ಕರೆ ನಾನು ನಗುವುದು, ನಾನು ನಕ್ಕರೆ ಅವರು. ನಡುವೆ ಇವರೊಬ್ಬರು ಸೇತುವೆಯಂತೆ.

ಆಗ ಹೊರಗೆ ಕಾರು ನಿಂತ ಸದ್ದಾಯಿತು. ಬಾಗಿಲಲ್ಲಿ ಒಬ್ಬರು ಕಾಣಿಸಿಕೊಂಡರು. ಒಪ್ಪವಾಗಿ ಕತ್ತರಿಸಿದ ಬಿಳಿ ಗಡ್ಡ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಒಂದು ಶಾಲು.

"ಇಲ್ಲಿ ಬೆಳಿಗ್ಗೆ ಚಳಿ ಉಂಟು ಅಂತ ಅನಿಸಿತು. ಶಾಲು ಬಿಟ್ಟುಹೋಗಿದ್ದೆ ಅಲ್ವಾ ನೀನು" ಎಂದರು ಹೆಂಡತಿಗೆ.

ಒಂದು ಶಾಲಿಗಾಗಿ ಬಂಟ್ವಾಳದಿಂದ ಬೆಳುವಾಯಿಗೆ, ಗಂಟೆಯಷ್ಟು ದಾರಿ, ಬಂದಿದ್ದರು! ನೋಡಿದವರಿಗೆ ಅಯ್ಯೋ ಎಂಥ ಪ್ರೀತಿ ಅನಿಸಬೇಕು. ಅನಿಸಿತು ಕೂಡ. ಆದರೆ ಅವರು ಶಾಲು ಕೊಟ್ಟು ಹೊರಡಲಿಲ್ಲ. ಒಂದು ಕುರ್ಚಿ ಎಳೆದು ಕೂತರು. ಈ ಮೂಲೆ ಸ್ವಲ್ಪ ಓರೆಯಾಗಿದೆ ಎಂದರು. ಸೂಜಿಗಳನ್ನು ಗಾತ್ರಕ್ಕೆ ಸರಿಯಾಗಿ ಬೇರೆ ಬೇರೆ ಇಟ್ಟರೆ ಒಳ್ಳೆಯದು ಎಂದರು. ಇಡತೊಡಗಿದರು ಕೂಡ. ಮಾತಿನಲ್ಲಿ ಒರಟುತನವೇನೂ ಇರಲಿಲ್ಲ. ಆದರೂ ನಮ್ಮ ಕಣ್ಣೆದುರಿಗೇ ಅವರ ಹೆಂಡತಿ ಕುಗ್ಗುತ್ತ ಹೋದರು. ಕನ್ನಡಕ ಮೂಗಿನ ತುದಿಗಿಳಿಯಿತು, ತಲೆ ಬಟ್ಟೆಯ ಮೇಲೆ ಬಾಗಿತು. ಗಿರಾಕಿಗಳೆಲ್ಲ ಅಂಗಡಿ ಬಿಟ್ಟು ಹೋಗಿಯಾಗಿತ್ತು.

ನಾನು ತಲೆ ಎತ್ತಿದೆ. ಅಕ್ಕ ನನ್ನನ್ನೇ ನೋಡುತ್ತಿದ್ದರು. ವಾರ್ಡಿನಲ್ಲಿ ನನಗೂ ನನ್ನ ಮೆಚ್ಚಿನ ಸಹಾಯಕಿಗೂ ಇಂಥ ನೋಟ ಅಭ್ಯಾಸವಿತ್ತು. ಮಾತಿಲ್ಲದೆ, ರೋಗಿಗೆ ತಿಳಿಯದಂತೆ, ಈಗ ಏನು ಮಾಡಬೇಕೆಂದು ಹೇಳುವ ನೋಟ. ಬೇರೆ ಎಲ್ಲಿಯೂ ಅದು ನನಗೆ ಸಿಕ್ಕಿರಲಿಲ್ಲ.

ಅಕ್ಕ ಗಂಟಲು ಸರಿಮಾಡಿಕೊಂಡರು. "ನೀವು ಸಾಮಾನಿನ ವಿಷಯ ಗೊತ್ತಿರುವವರು ಅಲ್ವಾ? ನಮಗೆ ಒಂದು ಉಪಕಾರ ಆಗ್ಬೇಕಿತ್ತು."

"ಹೇಳಿ, ಹೇಳಿ" ಎಂದರು ಅವರು, ಕುರ್ಚಿಯಿಂದ ಅರ್ಧ ಎದ್ದು.

"ಈ ಕೆಂಪಿಗೆ ಸರಿಹೋಗುವ ನೂಲು ಬೇಕು. ಕಡುಕೆಂಪು ಅಲ್ಲ. ಇಟ್ಟಿಗೆ ಬಣ್ಣವೂ ಅಲ್ಲ. ಎರಡರ ನಡುವಿನದ್ದು." ಸೀರೆಯ ಒಂದು ಚೂರು ಕತ್ತರಿಸಿ ಅವರ ಅಂಗೈಯಲ್ಲಿಟ್ಟರು.

"ಮೂಡುಬಿದಿರೆಯಲ್ಲಿ ನೋಡಿ" ಎಂದು ನಾನು ಮುಂದುವರಿಸಿದೆ. "ಅಲ್ಲಿ ಸಿಗದಿದ್ರೆ ವೇಣೂರಿನಲ್ಲೊಂದು ಅಂಗಡಿ ಉಂಟಂತೆ. ಅವಸರ ಇಲ್ಲ. ಸರಿಯಾದ್ದೇ ಆಗ್ಬೇಕು, ಅಷ್ಟೇ."

"ಸರಿಯಾದ್ದೇ ತರುವ" ಎಂದು ಆ ಮನುಷ್ಯ ಬಟ್ಟೆಯ ಚೂರನ್ನು ಜೋಪಾನವಾಗಿ ಜೇಬಿನಲ್ಲಿಟ್ಟುಕೊಂಡು ಹೊರಟರು. ಕಾರಿನ ಸದ್ದು ರಸ್ತೆಗೆ ಸೇರುವವರೆಗೂ ನಾವು ಮೂವರೂ ತಲೆ ಎತ್ತದೆ ದಾರ ಬಿಚ್ಚಿದೆವು. ಮೊದಲು ಯಾರು ನಕ್ಕರೋ ನೆನಪಿಲ್ಲ. ಅಕ್ಕ ನನ್ನ ತೊಡೆಗೆ ಬಡಿದು ಬಡಿದು ನಕ್ಕರು. ಬಂಟ್ವಾಳದವರು ಕೌದಿಯಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ಎತ್ತಿದಾಗ ಕಣ್ಣಲ್ಲಿ ನೀರಿತ್ತು.

"ಅವರು ಕೆಟ್ಟವರಲ್ಲ" ಎಂದರು.

"ಕೆಟ್ಟವರು ಅಂತ ಯಾರು ಹೇಳಿದ್ರು?" ಎಂದರು ಅಕ್ಕ.

"ಪ್ರತಿ ವರ್ಷ ಒಂದು ತಿಂಗಳು ಬರ್ತಿದ್ರು. ಹಬ್ಬದ ಹಾಗೆ ಇರ್ತಿತ್ತು ಮನೆ. ಹೋಗುವಾಗ ಅಳ್ತಿದ್ದೆ. ಒಂದು ತಿಂಗಳ ಗಂಡ ನಂಗೆ ಗೊತ್ತು. ಹನ್ನೆರಡು ತಿಂಗಳ ಗಂಡ ಗೊತ್ತಿಲ್ಲ ಅಕ್ಕ. ಎಲ್ಲಿ ಕೂತುಕೊಳ್ಳಿ ಅಂತ ಹೇಳುದು? ಎಷ್ಟು ಹೊತ್ತು ಮಾತಾಡುದು?"

ಅಕ್ಕ ಸೂಜಿಗೆ ದಾರ ಪೋಣಿಸಿಕೊಂಡರು. "ನನ್ನವರು ಗಲ್ಲೆಯಲ್ಲಿ ನನ್ನ ಪಕ್ಕದಲ್ಲೇ ಕೂತವರು. ಬೆಳಗಿಂದ ಹೋಟೆಲು ಮುಚ್ಚುವವರೆಗೆ. ಎಷ್ಟು ಜಗಳ ಆಡಿದ್ದೇವೆ ಲೆಕ್ಕ ಇಲ್ಲ. ಈಗ ಜಗಳ ಆಡ್ಲಿಕ್ಕೆ ಜನ ಇಲ್ಲ" ಎಂದು ನನ್ನತ್ತ ತಿರುಗಿ, "ನಿನ್ನೆ ನಿಮ್ಮ ಹತ್ತಿರ ಜಗಳ ಆಡಿ ಖುಷಿ ಆಯ್ತು ಸಿಸ್ಟರ್. ನಿಜವಾಗಿ" ಎಂದರು.

ನನಗೂ ಆಗಿತ್ತು. ಆಗಿತ್ತೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಊರಿಗೆ ಬಂದ ಮೇಲೆ ನನಗೆ ಎದುರು ಮಾತಾಡಿದವರೇ ಇರಲಿಲ್ಲ. ಎಲ್ಲರೂ ವಿನಯದಿಂದ ಇದ್ದರು, ದೂರದಿಂದ ಬಂದ ಅತಿಥಿಯ ಜೊತೆ ಇರುವ ಹಾಗೆ. ಅದನ್ನೇ ಹೇಳಿದೆ. ಹೇಳುವುದು ಕಷ್ಟವೇನೂ ಆಗಲಿಲ್ಲ.

ಊಟದ ಹೊತ್ತಿಗೆ ಕಾರು ವಾಪಸು ಬಂತು. ಹೆಂಡತಿ ಎದ್ದೇಳುವ ಮೊದಲೇ ನಾನು ಎದ್ದು ಹೊರಗೆ ಹೋದೆ. ಹಿಂದೆ ಭತ್ತ ಒಣಗಿಸುತ್ತಿದ್ದ ಅಂಗಳದಲ್ಲಿ ಅವರು ಒಂದು ಚೀಲ ಹಿಡಿದು ನಿಂತಿದ್ದರು. ಚೀಲದಲ್ಲಿ ಕೆಂಪಿನ ಎಲ್ಲ ಬಗೆಯ ನೂಲಿನುಂಡೆಗಳಿದ್ದವು.

"ಸಿಸ್ಟರ್, ನೀವು ಹೇಳಿದ ಬಣ್ಣದ ನೂಲು ಎಲ್ಲಿಯೂ ಇರ್ಲಿಕ್ಕಿಲ್ಲ. ಅಲ್ವಾ?"

ಸುಳ್ಳು ಹೇಳುವ ಮನಸ್ಸಾಗಲಿಲ್ಲ. "ಇರ್ಲಿಕ್ಕಿಲ್ಲ" ಎಂದೆ.

"ವೇಣೂರಿನ ದಾರಿಯಲ್ಲಿ ಅರ್ಥ ಆಯ್ತು." ಅವರು ಸಿಟ್ಟಾಗಿರಲಿಲ್ಲ. ನಸುನಕ್ಕರು. "ಆದ್ರೂ ಹೋದೆ. ಒಂದು ಕೆಲಸ ಅಂತ ಇತ್ತಲ್ಲ. ನೀವೂ ಅಲ್ಲಿಂದ ಬಂದವರಂತೆ. ನಿಮಗೆ ಹೇಗಾಗ್ತದೆ ಇಲ್ಲಿ? ಅಲ್ಲಿ ರೂಮಿನಲ್ಲಿ ಜನವೋ ಜನ. ರಜೆ ದಿನ ಎಲ್ಲರೂ ಸೇರಿ ಅಡಿಗೆ, ಗಲಾಟೆ. ಇಲ್ಲಿ ನನ್ನದೇ ಮನೆ, ನನ್ನದೇ ಮಂಚ. ಆದ್ರೆ ನನ್ನ ಕೆಲಸ ಯಾವುದು ಅಂತ ಗೊತ್ತಾಗುದಿಲ್ಲ."

ಊರಿಗೆ ಬಂದಾಗಿನಿಂದ ಎಷ್ಟೋ ಜನ ಅಲ್ಲಿಯ ಬಿಸಿಲಿನ ಬಗ್ಗೆ, ಸಂಬಳದ ಬಗ್ಗೆ ಕೇಳಿದ್ದರು. ಇಲ್ಲಿ ಹೇಗಾಗುತ್ತದೆ ಎಂದು ಕೇಳಿದವರು ಇವರೊಬ್ಬರೇ. "ನನಗೂ ಹಾಗೇ ಆಗ್ತದೆ" ಎಂದೆ. ಆಮೇಲೆ, ಕೇಳದಿದ್ದರೂ, ನನ್ನ ಸ್ವಭಾವಕ್ಕೆ ತಕ್ಕಂತೆ ಒಂದು ಸಲಹೆಯನ್ನೂ ಕೊಟ್ಟೆ. "ನೋಡಿ, ನಾನು ಬೇರೆ ಸಿಸ್ಟರ್‌ನ ವಾರ್ಡಿಗೆ ಹೋದ್ರೆ ಕೇಳದೆ ಒಂದು ಟ್ರೇ ಮುಟ್ಟುವವಳಲ್ಲ. ಅಡಿಗೆಮನೆ ಅವರ ವಾರ್ಡ್. ನೀವು ಬೇರೆ ವಾರ್ಡ್ ಹುಡುಕಿ."

ಅವರು ಚೀಲವನ್ನು ಇನ್ನೊಂದು ಕೈಗೆ ದಾಟಿಸಿದರು. "ಚೀಟಿ ತೆಗೀಬೇಕಾ ಹಾಗಾದ್ರೆ?"

"ಅದನ್ನು ಅವರ ಹತ್ತಿರವೇ ಕೇಳಿ."

ಅವರು ಒಳಗೆ ಬಂದು ನೂಲಿನ ಚೀಲವನ್ನು ಹೆಂಡತಿಯ ಕೈಗೆ ಕೊಟ್ಟು, ನಮ್ಮೊಂದಿಗೆ ಗಂಜಿ ಉಂಡು, ಸಂಜೆ ಕರೆದುಕೊಂಡು ಹೋಗಲು ಬರುತ್ತೇನೆ, ಅದಕ್ಕೆ ಮೊದಲು ಬರುವುದಿಲ್ಲ ಎಂದು ಹೇಳಿ ಹೋದರು. ಆ ಕೊನೆಯ ಮಾತನ್ನು ನನ್ನನ್ನು ನೋಡಿಯೇ ಹೇಳಿದ್ದು.

ಮಧ್ಯಾಹ್ನವಿಡೀ ಹೊಲಿದೆವು. ಮೂವರೂ ಒಂದೇ ಬದಿಯಲ್ಲಿ, ಭುಜಕ್ಕೆ ಭುಜ ತಾಗಿಸಿ ಕೂತು, ಬಟ್ಟೆಯನ್ನು ನಮ್ಮಿಂದ ಆಚೆಗೆ ತಳ್ಳುತ್ತ. ಕೆಂಪು ಅಂಚು ಉಳಿಯಿತು, ನಾನು ಬಿಟ್ಟುಕೊಟ್ಟೆ. ನನ್ನ ಚೌಕಗಳು ನಾನು ಹೇಳಿದಲ್ಲೇ ಕೂತವು, ಅಕ್ಕ ಬಿಟ್ಟುಕೊಟ್ಟರು. ಬಂಟ್ವಾಳದವರು ಯಾರನ್ನೂ ಕೇಳದೆ ಒಂದು ಅಂಗಿಯ ಜೇಬನ್ನು ಹಾಗೆಯೇ ಎತ್ತಿ ನಡುವೆ ಕೂರಿಸಿ ಹೊಲಿದುಬಿಟ್ಟರು. ಕೌದಿಗೆ ಜೇಬು ಯಾಕೆಂದು ನಾವಿಬ್ಬರೂ ಒಟ್ಟಿಗೇ ಕೇಳಿದೆವು. "ಕನ್ನಡಕ ಇಡ್ಲಿಕ್ಕೆ" ಎಂದರು. ಜೇಬು ಅಲ್ಲೇ ಉಳಿಯಿತು.

ಸಂಜೆಯಾದರೂ ಮೂರನೇ ಒಂದು ಭಾಗ ಉಳಿಯಿತು. ಟೀಚರು ಒಬ್ಬೊಬ್ಬರ ಕೆಲಸವನ್ನೂ ಎತ್ತಿ ನೋಡಿ, ನಮ್ಮದನ್ನು ಮಡಚಿ ನನ್ನ ಕೈಗಿಟ್ಟು, "ಮನಿಗೆ ಒಯ್ದು ಮುಗಸ್ರಿ. ಒಬ್ಬರ ಮುಗಸಬ್ಯಾಡ್ರಿ ಮತ್ತ" ಎಂದರು.

"ಮುಂದಿನ ಶನಿವಾರ ನನ್ನಲ್ಲಿಗೆ ಬನ್ನಿ. ಬಿ.ಸಿ.ರೋಡ್ ಎಲ್ಲರಿಗೂ ನಡುವೆ ಆಗ್ತದೆ" ಎಂದೆ. ಬೆಳ್ತಂಗಡಿಯಿಂದ ಬರುವವರಿಗೆ ಅದು ನಡುವೆಯೇನೂ ಅಲ್ಲ. ಅಕ್ಕ ಅದನ್ನು ಹೇಳದೆ, "ಎಷ್ಟು ಗಂಟೆಗೆ?" ಎಂದಷ್ಟೇ ಕೇಳಿದರು.

ಮನೆಗೆ ಬಂದು ದೀಪ ಹಾಕಿದಾಗಲೇ ನನಗೆ ನೆನಪಾದದ್ದು, ನನ್ನ ಊಟದ ಮೇಜಿಗೆ ಇದ್ದದ್ದು ಒಂದೇ ಕುರ್ಚಿ. ಬೇಕೆಂದು ಹಾಗೆ ಇಟ್ಟದ್ದಲ್ಲ. ಇನ್ನೊಂದರ ಅಗತ್ಯ ಬಿದ್ದಿರಲಿಲ್ಲ, ಅಷ್ಟೇ. ತಟ್ಟೆಗಳೂ ಹಾಗೆಯೇ. ಆ ವಾರ ಪೇಟೆಗೆ ಹೋಗಿ ಕುರ್ಚಿ, ತಟ್ಟೆ, ದೊಡ್ಡದೊಂದು ಚಹಾದ ಪಾತ್ರೆ ತಂದೆ. ಕುರ್ಚಿ ಹೊತ್ತು ತಂದವರು, "ಮನೆಯಲ್ಲಿ ಏನಾದರೂ ಕಾರ್ಯಕ್ರಮ ಉಂಟಾ ಮೇಡಂ?" ಎಂದು ಕೇಳಿದರು. "ಉಂಟು" ಎಂದೆ, ಬಹಳ ಗತ್ತಿನಿಂದ.

ಕೌದಿ ಮುಗಿಯಲು ಹಲವು ಶನಿವಾರಗಳು ಹಿಡಿದವು. ಮುಗಿಸುವ ಆತುರ ನಮಗಾರಿಗೂ ಇರಲಿಲ್ಲ. ಬಂಟ್ವಾಳದವರನ್ನು ಅವರ ಯಜಮಾನರೇ ತಂದು ಬಿಡುತ್ತಿದ್ದರು. ಮೇಲೆ ಹತ್ತಿ ಬರುತ್ತಿರಲಿಲ್ಲ. ಕೆಳಗಿನಿಂದಲೇ ಕೈಬೀಸಿ ಕಲ್ಲಡ್ಕದ ಕಡೆಗೆ ಹೋಗುತ್ತಿದ್ದರು. ಅಲ್ಲಿಯ ಒಂದು ಹೋಟೆಲಿನಲ್ಲಿ, ಅವರ ಹಾಗೆಯೇ ಕೊಲ್ಲಿಯಿಂದ ಮರಳಿದ ನಾಲ್ಕಾರು ಜನ ಸೇರಿ, ಚಹಾ ಮುಂದಿಟ್ಟುಕೊಂಡು ಗಲಾಟೆ ಮಾಡುವುದು ಶುರುವಾಗಿತ್ತು. ಆಮೇಲೆ ಅವರು ಒಬ್ಬ ಪರಿಚಿತರ ದಿನಸಿ ಅಂಗಡಿಯಲ್ಲಿ ಬೆಳಗಿನ ಹೊತ್ತು ಸಾಮಾನು ಜೋಡಿಸುವ ಕೆಲಸವನ್ನೂ ಹಿಡಿದರು. "ಅಲ್ಲಿ ಚೀಟಿ ಅಂಟಿಸಿ ಅಂಟಿಸಿ ಮನೆಗೆ ಬರುವಾಗ ಸುಸ್ತಾಗಿರ್ತದೆ, ಅಲ್‌ಹಂದುಲಿಲ್ಲಾ" ಎಂದು ಹೆಂಡತಿ ನಕ್ಕು ಹೇಳಿದರು. ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಊಟಕ್ಕೆ ಕೂತುಕೊಳ್ಳುತ್ತಾರಂತೆ. ಮಾತಿಗೆ ವಿಷಯವೂ ಸಿಗುತ್ತದಂತೆ.

ಮುಗಿದ ಕೌದಿಯನ್ನು ಮೊದಲ ಸಲ ಒಗೆದಾಗ ಕೆಂಪು ಬಣ್ಣ ಬಿಟ್ಟಿತು. ಬಿಳಿಯೆಲ್ಲ ನಸುಗುಲಾಬಿಯಾಯಿತು. "ನಾನು ಹೇಳಿರಲಿಲ್ಲವಾ?" ಎಂದು ನಾನು ಹೇಳಲಿಲ್ಲ ಎಂದು ಬರೆಯಬಹುದಿತ್ತು. ಹೇಳಿದೆ. ಅಕ್ಕ ಅದನ್ನು ಬಿಸಿಲಿಗೆ ಹಿಡಿದು ನೋಡಿ, "ನನಗೆ ಮೊದಲಿನಿಂದಲೂ ಬೇಕಿದ್ದದ್ದು ಇದೇ ಬಣ್ಣ" ಎಂದರು.

ಈ ವರ್ಷ ಅಕ್ಕ ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಮಗಳು ಮುಂಬೈಯಿಂದ ಬಂದು ಆಸ್ಪತ್ರೆಯಲ್ಲಿ ನಿಂತಳು. ಮನೆಗೆ ಕರೆತಂದ ಮೇಲಿನ ಸರದಿ ನನ್ನದು ಎಂದು ನಾನೇ ಹೇಳಿ, ಬಟ್ಟೆಬರೆ ತುಂಬಿಕೊಂಡು ಬೆಳ್ತಂಗಡಿಗೆ ಹೋದೆ. ಅಷ್ಟು ಕೆಟ್ಟ ರೋಗಿಯನ್ನು ನನ್ನ ಇಡೀ ಸೇವಾವಧಿಯಲ್ಲಿ ಕಂಡಿರಲಿಲ್ಲ. ಕಾಲು ಮಡಚಿ ಎಂದರೆ ನಾಳೆ ಎನ್ನುವರು. ನಡೆಯಿರಿ ಎಂದರೆ ಈಗಷ್ಟೇ ನಡೆದೆನಲ್ಲ ಎನ್ನುವರು. ನನ್ನ ವಾರ್ಡಿನ ದನಿ ಅವರ ಹೋಟೆಲಿನ ದನಿಯ ಮುಂದೆ ಕೆಲಸ ಮಾಡಲಿಲ್ಲ. ನಾವು ಹೀಗೆ ಹಗ್ಗಜಗ್ಗಾಟದಲ್ಲಿದ್ದಾಗ ಒಂದು ಬೆಳಿಗ್ಗೆ ಬಂಟ್ವಾಳದವರು ಬಸ್ಸಿನಲ್ಲಿ ಒಬ್ಬರೇ ಬಂದರು. ಕೈಯಲ್ಲಿ ಅಕ್ಕಿರೊಟ್ಟಿಯಂಥ ಪತ್ತಿರಿ ಮತ್ತು ಕೋಳಿ ಸಾರಿನ ಕ್ಯಾರಿಯರ್. ಬಂದವರೇ ಮಂಚದ ಪಕ್ಕ ನಿಂತು ನಮ್ಮಿಬ್ಬರ ವಾದವನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕ್ಯಾರಿಯರನ್ನು ಅಕ್ಕನಿಗೆ ಕಾಣುವಂತೆ, ಆದರೆ ಕೈಗೆಟುಕದಂತೆ, ಕಿಟಕಿಯ ಕಟ್ಟೆಯ ಮೇಲೆ ಇಟ್ಟರು.

"ಕಾಲು ಮಡಚಿ ಅಕ್ಕ. ಪೂರಾ. ಇಲ್ಲದಿದ್ರೆ ನಾನೂ ಸಿಸ್ಟರೂ ತಿಂತೇವೆ, ನೀವು ನೋಡಿ."

ಅಕ್ಕ ನನ್ನ ಮುಖ ನೋಡಿದರು. ನಾನು ಮೂರು ತಟ್ಟೆ ತರಲು ಒಳಗೆ ಹೋದೆ. ವಾಪಸು ಬಂದಾಗ ಅಕ್ಕ ಹಲ್ಲು ಕಚ್ಚಿ, ನಮ್ಮಿಬ್ಬರನ್ನೂ ಬಾಯಿ ತುಂಬ ಬೈಯುತ್ತ, ಮೊಣಕಾಲು ಮಡಚುತ್ತಿದ್ದರು. ಕಾಲು ಚೆನ್ನಾಗಿಯೇ ಮಡಚಿಕೊಳ್ಳುತ್ತಿತ್ತು.